ವಚನಾಳ ಗಾಡಿಗೆ ಹೊಸ ಆಕ್ಸಲ್

ಕಾಶೀನಾಥ ಗಾಡಿಯ ಬ್ಯಾಟರಿ ಬಿಚ್ಚಿ ತನ್ನ ಮಂಚದ ಕೆಳಗಿಟ್ಟುಕೊಂಡ. ಚಾವಿ ಜೇಬಿಗಿಳಿಸಿದ. ಅಂಗಳದ ಕಲ್ಲಿನ ಕಮಾನು ಬಾಗಿಲಿಗೆ ಹೊಸ ಬೀಗ ಜಡಿದ. ತಂಗಿ ವಚನಾ ಎಂಥವಳೆಂದು ಅವನಿಗೆ ಗೊತ್ತು. ತಾನು ಮಾರುವ ಮೊದಲೇ ಗಾಡಿ ಸಮೇತ ಪರಾರಿಯಾಗುವವಳು.

ಹಿಂದಿ ಸೀಮೆಯ ಆ ಊರಲ್ಲಿ, ಕಂಟೋನ್ಮೆಂಟ್ ಹಿಂದಿನ ಅವರ ಮನೆಯಲ್ಲಿ ಜಗಳ ಹೊಸದಲ್ಲ. ಗಾಡಿ ಎಂದರೆ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್. ಕಾಗದದ ಮೇಲೆ ಅಣ್ಣನದು. ಸೋನಭದ್ರದ ಗುಡ್ಡಗಳಲ್ಲಿ, ಕಲ್ಲುಹಳ್ಳಗಳಲ್ಲಿ ಅದನ್ನು ಹತ್ತಿಸಿ ಇಳಿಸಿದವಳು ಮಾತ್ರ ವಚನಾ ಒಬ್ಬಳೇ. ಅಣ್ಣ ಹಳ್ಳ ಕಂಡರೇ ಗಾಡಿಯಿಂದ ಇಳಿದುಬಿಡುವವನು.

"ಮದುವಿ ಆಗೋ ಹುಡುಗಿ ಕೆಸರಾಗ ಗಾಡಿ ಹೊಡಕೋತ ತಿರಗೂದು ಸಾಕು," ಎಂದವನೇ ಗಿರಾಕಿಯನ್ನು ಗೊತ್ತುಮಾಡಿದ. ಮಠದ ಓಣಿಯಲ್ಲೆಲ್ಲ ಸಾರಿಕೊಂಡೂ ಬಂದ. ಗಾಡಿ ಹೋದರೆ ವಚನಾಳಿಗೆ ತನ್ನದು ಎನ್ನುವುದೇನೂ ಉಳಿಯುವುದಿಲ್ಲ. ಆದರೆ ಅವಳು ಅಳುವ ಪೈಕಿಯಲ್ಲ.

"ಮಾರೂದಾದ್ರ ಮಾರು ಅಣ್ಣಾ. ಆಕ್ಸಲ್ ಬದಲಿಸಿ ಕೊಡ್ತೀನಿ. ಹಳೇವು ಕಲ್ಲಿನ ದಾರಿಗೆ ತಡಿಯೂದಿಲ್ಲ."

ಕಾಶೀನಾಥನ ಕಣ್ಣರಳಿತು. ಖರ್ಚು ತಂಗಿಯದು, ಬೆಲೆ ತನಗೆ!

ಗಾಡಿ ಜಾಕಿನ ಮೇಲೇರಿತು. ಚಕ್ರಗಳು ಕಳಚಿದವು. ಊರಿನ ಲಂಕಾ ಬಡಾವಣೆಯಲ್ಲಿ ಗ್ಯಾರೇಜು ಇಟ್ಟಿರುವ ಗೆಳತಿ ಭಾರೀ ಆಕ್ಸಲ್‌ಗಳನ್ನು ತಳ್ಳುವ ಠೇಲಾದ ಮೇಲೆ ಕಳಿಸಿದಳು. ಹಳೆಯವು ಅದೇ ಠೇಲಾ ಹತ್ತಿ ವಾಪಸು ಹೋದವು. ಹೊಸ್ತಿಲು ದಾಟಿಸಲು ಕಾಶೀನಾಥನೇ ಹಿಂದಿನಿಂದ ನೂಕಿದ. ವಚನಾ ಟೇಪು ಹಿಡಿದು ಅಳೆದಳು, ಬೋಲ್ಟು ಬಿಗಿದಳು, ಮೈಗೆಲ್ಲ ಗ್ರೀಸು ಮೆತ್ತಿಕೊಂಡಳು. ಅಣ್ಣ ದಿನಕ್ಕೆ ನಾಲ್ಕು ಸಲ ಬೀಗ ಜಗ್ಗಿ ನೋಡಿದ.

"ಹಗಲೊತ್ತಿನ್ಯಾಗೂ ಬೀಗ ಯಾಕೋ?" ತಾಯಿ ನೀಲಗಂಗಮ್ಮ ಕೇಳಿದಳು.

"ನಿನ್ನ ಮಗಳು ಗಾಡಿ ಹೊಡಕೊಂಡು ಹೋಗಿಬಿಡ್ತಾಳ, ಯವ್ವಾ."

"ನಾ ಎಲ್ಲಿಗೂ ಹೋಗೂದಿಲ್ಲ," ಗಾಡಿಯ ಕೆಳಗಿನಿಂದ ವಚನಾ ಹೇಳಿದಳು.

ಗಿರಾಕಿ ಬಂದ ಬೆಳಿಗ್ಗೆ ಅವಳು ಚಕ್ರ ಹಾಕಿ ಗಾಡಿ ಇಳಿಸಿದಳು. ಕಾಶೀನಾಥ ಬ್ಯಾಟರಿ ಜೋಡಿಸಿದ. ಬೀಗ ತೆಗೆದ. ಗೆದ್ದವನಂತೆ ಮೀಸೆ ತಿರುವಿ ಚಾವಿ ಕೊಟ್ಟ.

"ಬಢಿಯಾ!" ಎಂದು ಮೆಚ್ಚುತ್ತ ಗಿರಾಕಿ ಹತ್ತಿ ಕೂತ. ಗಾಡಿ ಗುಡುಗುತ್ತ ಕಮಾನಿನ ತನಕ ಹೋಗಿ ಧಡಕ್ಕನೆ ನಿಂತಿತು. ಎಡಚಕ್ರ ಕಲ್ಲಿಗೆ ತಾಗಿತ್ತು. ಬಲಚಕ್ರವೂ ತಾಗಿತ್ತು. ಹಿಂದಕ್ಕೆ ತಂದು ಮತ್ತೆ ನುಗ್ಗಿಸಿದ, ಮತ್ತೆ ಅದೇ ಗತಿ. ಹೊಸ ಆಕ್ಸಲ್‌ನಿಂದ ಚಕ್ರಗಳ ಹರವು ಕಮಾನಿಗಿಂತ ಒಂದು ಗೇಣು ಅಗಲವಾಗಿತ್ತು. ಗಿರಾಕಿ ಚಾವಿಯನ್ನು ಕಾಶೀನಾಥನ ಕೈಗೆ ತುರುಕಿ, ಆಟೋ ಹಿಡಿದು ಹೋಗೇಬಿಟ್ಟ.

"ಹಳೇ ಆಕ್ಸಲ್ ನನ್ನ ಗೆಳತಿ ಕಡೆ ಅವ, ಅಣ್ಣಾ," ವಚನಾ ಚಾವಿಗೆ ಕೈ ಚಾಚಿದಳು, "ಗಾಡಿ ನನ್ನ ಹೆಸರಿಗೆ ಮಾಡು, ತಂದು ಹಾಕಿ ಹೊರಗ ತಗೀತೀನಿ."