ಸೈಕಲ್ಲಿನ ನೆರಳು

ನಮ್ಮಲ್ಲಿ ಯಾರಾದರೂ ಒಂದು ವಸ್ತುವನ್ನು ಮರೆತರೆ, ಅವರ ಎದುರಿಗೆ ಅದರ ನೆರಳು ಬೀಳುವುದಿಲ್ಲ. ಹಾಗಾಗಿ ಮರೆವಿನ ಪರೀಕ್ಷೆ ನಡೆಯುವುದು ಬಿಸಿಲಲ್ಲೇ.

ಅಮ್ಮನನ್ನು ಅಂಗಳದಲ್ಲಿ ಕೂರಿಸಿದೆ. ನರ್ಸ್ ಫಿಲೋಮಿನಾ ಕೇಳುತ್ತಾ ಹೋದರು. ಇವತ್ತು ಯಾವ ವಾರ? ಬೆಳಿಗ್ಗೆ ಏನು ತಿಂದಿರಿ? ಎಲ್ಲಕ್ಕೂ ಅಮ್ಮನದು ಒಂದೇ ಉತ್ತರ: "ಗೊತ್ತಿಲ್ಲ, ಬಿಡಮ್ಮ." ಅಪ್ಪ ತೀರಿಕೊಂಡ ಮೇಲೆ ಆರು ತಿಂಗಳಿಂದ ಇದೇ ಪಾಡು.

ಹೊಲಿಗೆ ಮೆಷಿನ್ ತಂದಿಟ್ಟೆ. ನೆರಳು ಬಿತ್ತು. ಮುದ್ದೆ ಕೋಲಿನದೂ ಬಿತ್ತು.

"ಅಲ್ಲಿ ಗೋಣಿಚೀಲ ಹೊದಿಸಿದ್ದೀರಲ್ಲ, ಅದೇನು?"

"ಅಪ್ಪನ ಸೈಕಲ್ಲು. ಅದೊಂದು ಬೇಡ ಸಿಸ್ಟರ್." ಅದಕ್ಕೇ ನೆರಳಿಲ್ಲದಿದ್ದರೆ ನಾನೆಲ್ಲಿಗೆ ಹೋಗಲಿ?

"ತನ್ನಿ."

ಮನಸ್ಸಲ್ಲೇ ಅವರನ್ನು ಬೈದುಕೊಳ್ಳುತ್ತಾ ತಂದು ನಿಲ್ಲಿಸಿದೆ. ಚಕ್ರದ ಒಂದೊಂದು ಕಡ್ಡಿಯೂ ಕಾಣುವಷ್ಟು ಕಪ್ಪಗೆ ನೆರಳು ಬಿತ್ತು.

"ಇದು ಮರೆವಿನ ಕಾಯಿಲೆ ಅಲ್ಲಮ್ಮ, ಖಿನ್ನತೆ. ವಾಸಿಯಾಗುತ್ತೆ. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಬನ್ನಿ," ಎಂದರು ನರ್ಸ್.

ನಾನು ಸೈಕಲ್ಲನ್ನು ಅಲ್ಲೇ ಬಿಟ್ಟು ಅಮ್ಮನ ಪಕ್ಕ ಹೋಗಿ ಕೂತೆ. ಆಗ ಅಮ್ಮ ಆರು ತಿಂಗಳಲ್ಲಿ ಮೊದಲ ಸಲ ನನ್ನನ್ನು ಗದರಿದಳು:

"ಬಿಸಿಲಲ್ಲಿ ಯಾಕೆ ನಿಲ್ಲಿಸಿದ್ದೀಯೇ? ಟೈರು ಬಿರುಕು ಬಿಟ್ರೆ ನಿಮ್ಮಪ್ಪ ಸುಮ್ನಿರ್ತಿದ್ರಾ?"