ಮಲಗಿದರೆ ಏಳದ ಡಬ್ಬಿ

ವೈಫೈ ಡಬ್ಬಿಗಳಿಗೆ ಕನ್ನಡ ಬಂದ ಮೇಲೆ ಅವನ್ನು ನಡೆಸುವ ಆಜ್ಞೆಗಳನ್ನು, ಅಂದರೆ ಡ್ರೈವರ್ ತಂತ್ರಾಂಶವನ್ನು, ಬರೆಯುವುದೆಂದರೆ ಬೀಗರನ್ನು ಸಂಭಾಳಿಸಿದಂತೆಯೇ ಆಗಿತ್ತು. ಒಂದಕ್ಕೆ ಬಹುವಚನ ಬೇಕು, ಇನ್ನೊಂದು ಎರಡು ಸಲ ಕರೆಯದೆ ಓಗೊಡದು. ಧಾರವಾಡದ ಶಾಂಭವಿಗೆ ಇದೆಲ್ಲ ರೂಢಿಯಾಗಿತ್ತು. ಆದರೆ ಮನೆಗೆ ತಂದಿದ್ದ ಹೊಸ ಡಬ್ಬಿ ಮಾತ್ರ ಅವಳ ತಲೆ ತಿನ್ನುತ್ತಿತ್ತು. ಕರೆಂಟು ಉಳಿಸಲೆಂದು ಒಮ್ಮೆ ಮಲಗಿಸಿದರೆ ಅದು ಮತ್ತೆ ಏಳುತ್ತಲೇ ಇರಲಿಲ್ಲ. ಸಂಜೆ ಅದು ಹೆರಿಗೆ ಆಸ್ಪತ್ರೆಗೆ ಹೋಗಬೇಕಿತ್ತು. ಅಲ್ಲಿಯೂ ಹೀಗೇ ಮಲಗಿಬಿಟ್ಟರೆ ಗತಿಯೇನು?

ತನ್ನಿಂದಾಗದೆಂದು ಹೇಳಿಬಿಡಲು ಅವಳು ಚಪ್ಪಲಿ ಮೆಟ್ಟಿದಳು. “ಅವ್ವಾ, ಆಫೀಸಿಗೆ ಹೋಗ್ತೇನಿ.”

“ಹೋಗ್ತೇನಿ ಅನಬ್ಯಾಡ!” ಅವ್ವ ಅಡಿಗೆಮನೆಯಿಂದಲೇ ಗದರಿದಳು. “ಹಂಗಂದವರು ತಿರುಗಿ ಬರಂಗಿಲ್ಲ. ಹೋಗಿ ಬರ್ತೇನಿ ಅನ್ನು.”

ಶಾಂಭವಿ ಹೊಸ್ತಿಲಲ್ಲೇ ನಿಂತಳು. ಡಬ್ಬಿಯನ್ನು ಮಲಗಿಸಲು ಡ್ರೈವರಿನಲ್ಲಿ ತಾನು ಬರೆದಿದ್ದ ಮಾತು ನೆನಪಾಯಿತು: “ಇನ್ನು ಹೋಗು.” ಪಾಪ, ಹೇಳಿದ ಮಾತು ಕೇಳಿ ಅದು ಹೋಗಿಯೇ ಬಿಟ್ಟಿತ್ತು!

ಚಪ್ಪಲಿ ಕಳಚಿ ಒಳಗೋಡಿದಳು. ಡಬ್ಬಿಯನ್ನು ಹೊಸದಾಗಿ ಶುರುಮಾಡಿ, ಆ ಸಾಲನ್ನು ಅಳಿಸಿ “ಹೋಗಿ ಬಾ” ಎಂದು ಬರೆದಳು. ಡಬ್ಬಿ ಮಲಗಿತು, ಅದರ ದೀಪ ಆರಿತು. ಮತ್ತೆ ಅದನ್ನು ಕರೆದಳು.

ಹಸಿರು ದೀಪ ಹತ್ತಿತು.

“ಬಂದೆ ನೋಡಕ್ಕಾ,” ಎಂದಿತು ಡಬ್ಬಿ. “ಅವ್ವ ಚಾ ಮಾಡ್ಯಾಳೇನು?”