ತಾಯಿ ಕಡೆಯ ರಕ್ತ

"ಇದೊಂದು ಬ್ಯಾಡ್ರಿ ಸಾಹೇಬ್ರ," ಎಂದು ಪುತಳಾಬಾಯಿ ಕಂದು ಮೂತಿಯ ಕುರಿಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು. "ಗಬ್ಬ ಅದ. ಹೆದರ್ತದ."

ಕುರಿ ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು. ಹೆದರಿದವಳು ಪುತಳಾಬಾಯಿ. ಬೀದರಿನಿಂದ ಸಂಶೋಧನೆಗೆಂದು ಎಕಂಬಾಕ್ಕೆ ಬಂದಿದ್ದ ಮಚ್ಛೇಂದ್ರ, ಕುರಿಗಳ ಕಿವಿಯಿಂದ ತೊಟ್ಟು ರಕ್ತ ತೆಗೆದು ಸಣ್ಣ ಶೀಶೆಗಳಿಗೆ ಹಾಕಿ, ಮೇಲೆ ನಂಬರು ಬರೆದು ಐಸ್ ಡಬ್ಬಿಯಲ್ಲಿ ಇಡುತ್ತಿದ್ದ.

"ಒಂದು ತೊಟ್ಟು ಸಾಕು ಅಕ್ಕಾ. ಇದರ ಮೂತಿನೇ ಬ್ಯಾರೆ ಅದ. ಇದರ ತಾಯಿ ಯಾವ ಕಡಿಂದು ಅಂತ ನೋಡಬೇಕು."

"ರಕ್ತದಾಗ ತಾಯಿ ಹ್ಯಾಂಗ ಕಾಣ್ತಾಳ್ರಿ?"

"ಜೀವಕೋಶದಾಗ ಮೈಟೊಕಾಂಡ್ರಿಯಾ ಅಂತ ಇರ್ತಾವ. ಅದರೊಳಗಿನ ಜೀನು ತಾಯಿಯಿಂದಷ್ಟೇ ಮರಿಗೆ ಬರ್ತದ, ತಂದಿದು ಕೂಡಂಗಿಲ್ಲ. ಅವ್ವ, ಅವ್ವನ ಅವ್ವ, ಹಂಗೇ ಹಿಂದ ಹಿಂದ ಹೋಗಬಹುದು. ಯಾವ ಪ್ರಾಣಿಗೆ ಯಾವ ಪ್ರಾಣಿ ಬಳಗ, ಎಲ್ಲಾ ಅದೇ ಹೇಳ್ತದ." ಮಚ್ಛೇಂದ್ರ ಕುರಿಯ ಕಿವಿ ಸವರಿ ನಕ್ಕ. "ನೀವು ಕಿವಿ ಕೊಯ್ದು ಗುರುತು ಹಾಕ್ತೀರಲ್ಲ, ಅದನ್ನ ಬದಲಿ ಮಾಡಬಹುದು. ಇದನ್ನ ಮಾಡಾಕ ಬರಂಗಿಲ್ಲ."

ಪುತಳಾಬಾಯಿ ಆ ಕಿವಿಯನ್ನು ಅಂಗೈಯಿಂದ ಮುಚ್ಚಿದಳು.

ಹೋದ ವರ್ಷ ಮೇವು ನೀರು ಹುಡುಕಿಕೊಂಡು ಹೋದಾಗ ಅವಳ ಹಿಂಡೂ ಕಮಲನಗರದ ಗಿರಿಜಾಬಾಯಿಯ ಹಿಂಡೂ ಒಂದು ಕೆರೆಯ ದಂಡೆಯಲ್ಲಿ ಕಲೆತಿದ್ದವು. ಬೇರೆ ಮಾಡುವಾಗ ಈ ಕುರಿ ಇವಳ ಕಡೆ ಉಳಿಯಿತು. ಉಳಿಯಿತು ಎನ್ನುವುದು ಅವಳು ತನಗೆ ತಾನೇ ಹೇಳಿಕೊಂಡ ಮಾತು, ಹಿಡಿದುಕೊಂಡವಳು ಇವಳೇ. ಗಿರಿಜಾಬಾಯಿಯ ಕುರಿಗಳ ಕಿವಿಗೆ ಒಂದು ಗುರುತು, ಇವಳವಕ್ಕೆ ಎರಡು. ಬ್ಲೇಡಿನಿಂದ ಒಂದನ್ನು ಎರಡು ಮಾಡಲು ಎಷ್ಟು ಹೊತ್ತು?

ಈ ವರ್ಷವೂ ಮಳೆ ಕೈಕೊಟ್ಟಿತ್ತು. ನಾಡಿದ್ದು ಎಲ್ಲರ ಹಿಂಡುಗಳೂ ಗೋದಾವರಿ ದಂಡೆಗೆ ಹೊರಡುವುದಿತ್ತು. ಕುರಿ ಕದ್ದವರನ್ನು ಮಾತ್ರ ಯಾರೂ ಜೊತೆಗೆ ಕರೆದೊಯ್ಯುವುದಿಲ್ಲ. ಗಂಡ ಜ್ಞಾನೇಶ್ವರ ಕಬ್ಬು ಕಡಿಯಲು ಭಾಲ್ಕಿ ಕಡೆ ಹೋಗಿದ್ದ. ತೋಳ ಓಡಾಡುವ ದಾರಿಯಲ್ಲಿ ಒಬ್ಬಳೇ ನಲವತ್ತು ಕುರಿ ಕಾಯುವುದು ಆಗದ ಮಾತು. ಇಲ್ಲೇ ಉಳಿದರೆ ಅವಕ್ಕೆ ಕುಡಿಯಲು ನೀರಿಲ್ಲ.

ಹಿಂಡುಗಳ ಹಿರಿಯ ಹಣಮಂತಪ್ಪ ಬೇವಿನ ಬುಡದಲ್ಲಿ ಕೂತಿದ್ದ. ಯಾರನ್ನು ಕರೆದೊಯ್ಯಬೇಕು, ಯಾರನ್ನು ಬಿಡಬೇಕು ಎಂದು ಹೇಳುವವನು ಅವನೇ.

"ಕೊಡು ಪುತಳಾ, ಏನಾಗ್ತದ?" ಎಂದ.

ಸೂಜಿ ಕಿವಿಯ ಹತ್ತಿರ ಬಂತು.

"ಗಿರಿಜಾಬಾಯಿದು ರೀ!" ಎಂದು ಪುತಳಾಬಾಯಿ ಕಿರುಚಿಬಿಟ್ಟಳು. "ಅದರ ಅವ್ವ ಕಮಲನಗರದಾಗ ಅದ. ಬ್ಲೇಡಿಲೆ ನಾನೇ ಕಿವಿ ಕೊಯ್ದೇನಿ. ತಪ್ಪಾಗ್ಯದ ಕಾಕಾ. ಬೇಕಾದ್ರ ಹೊಡಿರಿ, ಬಿಟ್ಟು ಮಾತ್ರ ಹೋಗಬ್ಯಾಡ್ರಿ."

ಮಚ್ಛೇಂದ್ರ ಸೂಜಿ ಹಿಡಿದುಕೊಂಡೇ ನಿಂತ. "ಅಯ್ಯೋ ಅಕ್ಕಾ, ನಾ ಹುಡಕೋದು ಸಾವಿರಾರು ವರ್ಷದ ಹಿಂದಿನ ತಾಯಿನ್ನ. ಹ್ವಾದ ವರ್ಷ ಯಾರ ಕುರಿ ಯಾರು ಕದ್ರು ಅಂತ ಇದರಾಗ ಗೊತ್ತಾಗಂಗಿಲ್ಲ."

ಈಗ ಹೇಳಿ ಏನು ಪ್ರಯೋಜನ? ಮಾತು ಹೊರಬಿದ್ದಾಗಿತ್ತು. ಪುತಳಾಬಾಯಿ ಕುರಿಯ ಬೆನ್ನಿಗೆ ಮುಖ ಒತ್ತಿ, ಹಣಮಂತಪ್ಪ ಏನು ಅನ್ನುತ್ತಾನೋ ಎಂದು ಕಾದಳು.

ಹಣಮಂತಪ್ಪ ಎದ್ದು ಬಂದ. ಅವಳ ಕಡೆ ನೋಡಲೇ ಇಲ್ಲ. ಐಸ್ ಡಬ್ಬಿಯ ಮೇಲೆ ಕೈಯಿಟ್ಟ. ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ.

"ನೀವು ಹೇಳೋದು ಖರೆ ಇರಬಹುದ್ರಿ ಸಾಹೇಬ್ರ. ಆದ್ರೂ, ಮುಂಜಾನಿ ನನ್ನ ಹಿಂಡಿಂದು ರಕ್ತ ತಗೊಂಡೀರಲ್ಲ, ಆ ಶೀಶಾ ಅಷ್ಟೂ ವಾಪಸ್ ಕೊಡ್ರಿ."